ಸಹಿಯ ಕೆಳಗೆ ಹನ್ನೊಂದು ಸಾಲು

ಬನಹಟ್ಟಿ
8 ಜನವರಿ 2024

ತಂಗಿ ಸ್ನೇಹಾ,

ಮಗ್ಗ ನಡೆದಾವೆ, ಅವ್ವ ಉಂಡಾಳೆ, ನೇಕಾರರ ಸಂಘದ ಸಭೆಗಳಲ್ಲಿ ಕೂಗಿದರೂ ನನ್ನ ಗಂಟಲು ಇನ್ನೂ ಬಿದ್ದಿಲ್ಲ. ಇಷ್ಟಿದ್ದರೆ ನಮ್ಮ ಮನೆಯಲ್ಲಿ ಎಲ್ಲ ಚಲೋ ಅಂತ ನಿನಗೆ ಗೊತ್ತು.

ನಿನ್ನ ಪತ್ರ ಶನಿವಾರ ಬಂತು. ಹದಿನಾಲ್ಕು ಪುಟ. ಅಂಚೆಯವ ಪಾಕೀಟನ್ನ ಕೈಯಲ್ಲಿ ತೂಗಿ ನೋಡಿ, "ಏನ್ರೀ ವೈಶಾಲಕ್ಕ, ತಂಗಿ ವಿಮಾನಾನ ಮಡಚಿ ಕಳಿಸ್ಯಾಳೇನು" ಅಂದ. ಫೋನು ಕಂಪನಿಯದು, ಅದರಲ್ಲಿ ಈ ಮಾತು ಬೇಡ, ಅದಕ್ಕೇ ಕಾಗದ ಬರೀತೀನಿ ಅಂತ ನೀ ಮೊದಲ ಸಾಲಿನಲ್ಲೇ ಬರೆದಿದ್ದೀ. ಅದನ್ನ ಓದಿ ಒಂದು ಗಳಿಗೆ ಸಂತೋಷ ಆಯಿತು. ನನ್ನ ತಂಗಿಗೆ ಸಂಶಯ ಪಡೋದು ಬರ್ತದೆ ಅಂತ. ಹದಿನಾಲ್ಕು ಪುಟ ಮುಗಿಸೋ ಹೊತ್ತಿಗೆ ಆ ಸಂತೋಷ ಹೋಯಿತು.

ನಾ ತಿಳಿದದ್ದು ಸರಿಯೋ ಇಲ್ಲೋ ನೋಡು. ನಿಮ್ಮ ಕಂಪನಿ ಸಣ್ಣ ಊರುಗಳಿಗೆ ಹಾರಿಸೋ ಆ ಎರಡು ಪಂಖದ ವಿಮಾನ ಇದೆಯಲ್ಲ, ಅದರ ನಕ್ಷೆ ಹಾಕಿದಾಗ ಅವ್ವನ ಮದುವೆ ಆಗಿರಲಿಲ್ಲ. ಆಮೇಲೆ ಅದನ್ನೇ ಉದ್ದ ಮಾಡಿದರು, ಎಂಜಿನ್ ಬದಲಿಸಿದರು, ಸೀಟು ಹೆಚ್ಚಿಸಿದರು. ಮೈ ಅದೇ. ಈಗ ಕಂಪನಿಗೆ ಇನ್ನೂ ಮೂವತ್ತು ವಿಮಾನ ಬೇಕು. ಹೊಸ ನಕ್ಷೆಯದು ಕೊಳ್ಳಬೇಕೋ, ಇದೇ ಹಳೇ ನಕ್ಷೆಯ ಹೊಸ ಪ್ರತಿ ಕೊಳ್ಳಬೇಕೋ ಅಂತ ನೋಡೋದಕ್ಕೆ ಐದು ಜನರ ಸಮಿತಿ. "ದೀರ್ಘಕಾಲ ಸೇವೆ ಸಲ್ಲಿಸಿದ ಈ ವಿನ್ಯಾಸ ಇಂದಿನ ಮಾರುಕಟ್ಟೆಗೆ ಸೂಕ್ತವೇ" ಅನ್ನೋದು ಸಮಿತಿಗೆ ಕೊಟ್ಟ ಪ್ರಶ್ನೆ. ನೀನು ಹ್ಯಾಂಗರಿನ ಪರವಾಗಿ, ಅಂದರೆ ವಿಮಾನವನ್ನ ನಿಲ್ಲಿಸಿ ಬಿಚ್ಚಿ ನೋಡೋ ಕೆಲಸಗಾರರ ಪರವಾಗಿ, ಐವರಲ್ಲಿ ಒಬ್ಬಳು. ಸೂಕ್ತ ಅಂತ ವರದಿ ತಯಾರಾಗಿದೆ. ನಾಲ್ವರು ಸಹಿ ಮಾಡಿಯಾಗಿದೆ, ನಿನ್ನದೊಂದು ಬಾಕಿ ಅಂತ ಬರೆದಿದ್ದೀ.

ಸ್ನೇಹಾ, ನನಗೆ ಮೊದಲು ಆ ಪ್ರಶ್ನೆಯ ಮೇಲೇ ಸಂಶಯ. ಮಾರುಕಟ್ಟೆಗೆ ಸೂಕ್ತವೇ ಅಂತ ಕೇಳಿದರು. ಒಳಗೆ ಕೂತವರಿಗೆ ಸೂಕ್ತವೇ ಅಂತ ಯಾಕೆ ಕೇಳಲಿಲ್ಲ? ಹಾರಿಸೋರಿಗೆ, ಬಿಚ್ಚಿ ನೋಡೋರಿಗೆ ಸೂಕ್ತವೇ ಅಂತ ಯಾಕೆ ಕೇಳಲಿಲ್ಲ? ಮಾರುಕಟ್ಟೆ ಅನ್ನೋ ಹೆಸರಿನ ಮನುಷ್ಯ ಸೀಟಿನ ಪಟ್ಟಿ ಬಿಗಿದುಕೊಂಡು ಕೂತದ್ದನ್ನ ನೀ ಯಾವತ್ತಾದರೂ ನೋಡಿದ್ದೀಯೇನು?

ಆ ಶಬ್ದ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ರಬಕವಿಯ ಕಲ್ಯಾಣ ಮಂಟಪದಲ್ಲಿ ಹೊಸ ಮಗ್ಗ ಮಾರೋರು ಸಭೆ ಕರೆದಿದ್ದರು. ಲಾಳಿ ಇಲ್ಲದ ಮಗ್ಗ. ಪರದೆಯ ಮೇಲೆ ಚಿತ್ರ ತೋರಿಸಿ, ನಿಮ್ಮ ಹಳೇ ಮಗ್ಗ ಇವತ್ತಿನ ಮಾರ್ಕೆಟ್ಟಿಗೆ ನಡೆಯೋದಿಲ್ಲ, ಗುಜರಿಗೆ ಹಾಕ್ರಿ ಅಂದರು. ನಾ ಎದ್ದು ಕೇಳಿದೆ: "ಸೀರಿ ತೊಗೊಳ್ಳಾಕಿ ಸೀರಿ ನೋಡಿ ತೊಗೋತಾಳ್ರಿ, ಮಗ್ಗ ನೋಡಿ ತೊಗೋತಾಳ್ರಿ?" ಮಗ್ಗ ರಿಪೇರಿ ಮಾಡೋ ನಮ್ಮ ಪಾಂಡಪ್ಪ ಮಿಸ್ತ್ರಿ ಹಿಂದಿನಿಂದ, "ಅಕಿ ಗಂಡನ ಮಾರಿ ನೋಡಿ ತೊಗೋತಾಳ ಬಿಡವಾ" ಅಂದ. ಸಭೆಯೆಲ್ಲ ನಕ್ಕಿತು. ಅಲ್ಲಿ ಹಳೆಯದನ್ನ ಹೊರಗೆ ಹಾಕೋದಕ್ಕೆ ಆ ಶಬ್ದ, ನಿಮ್ಮಲ್ಲಿ ಹಳೆಯದನ್ನ ಇಟ್ಟುಕೊಳ್ಳೋದಕ್ಕೆ ಅದೇ ಶಬ್ದ. ಎರಡೂ ಕಡೆ ಅದನ್ನ ಹೇಳಿದವರು ಮಾರೋರು, ಇಲ್ಲ ಕೊಳ್ಳೋರು. ನಡೆಸೋರ ಬಾಯಿಂದ ಆ ಮಾತು ಬಂದದ್ದನ್ನ ನಾ ಕೇಳಿಲ್ಲ.

ನನ್ನ ಎರಡನೇ ಸಂಶಯ ನಿನ್ನ ಆಯ್ಕೆಯ ಮೇಲೆ. ಹ್ಯಾಂಗರಿನಲ್ಲಿ ನೂರಾರು ಜನ ಇದ್ದಾರಂತೆ. ನಿನಗೆ ಇಪ್ಪತ್ತೇಳು. ಲೈಸೆನ್ಸ್ ಸಿಕ್ಕು ಮೂರು ವರ್ಷ. ನೇಕಾರರ ಹುಡುಗಿ, ಜಮಖಂಡಿಯ ಡಿಪ್ಲೊಮಾ. ನಿನ್ನನ್ನೇ ಯಾಕೆ ಕೂರಿಸಿದರು? ನಿನ್ನ ಬುದ್ಧಿಗೆ ಅಂತ ನೀ ಬರೆದಿದ್ದೀ. ಇರಬಹುದು. ಆದರೆ ಇನ್ನೊಂದು ಕಾರಣವೂ ಇರಬಹುದು. ಎದುರು ಮಾತಾಡಿದರೆ ನಿನ್ನ ಬೆನ್ನಿಗೆ ಯಾರೂ ಇಲ್ಲ, ಅದು ಅವರಿಗೆ ಗೊತ್ತು.

ಆ ನಾಲ್ಕು ಸಹಿಗಳನ್ನ ನೀ ಕಣ್ಣಾರೆ ನೋಡಿದ್ದೀಯಾ, ಇಲ್ಲ ಯಾರೋ ಹೇಳಿದ್ದಾ? ಒಂಬತ್ತನೇ ಪುಟದಲ್ಲಿ "ಬಾಗಿಲ ಚೌಕಟ್ಟು" ಅಂತ ಬರೆದು ಮುಂದಿನ ಮೂರು ಸಾಲು ಹೊಡೆದು ಹಾಕಿದ್ದೀ. ಬಿಸಿಲಿಗೆ ಹಿಡಿದು ನೋಡಿದೆ, ಓದಲು ಆಗಲಿಲ್ಲ. ಅಷ್ಟು ಗಟ್ಟಿಯಾಗಿ ಯಾಕೆ ಹೊಡೆದೆ?

ಇನ್ನೊಂದು ಮಾತು. ಸುತ್ತುಬಳಸಿ ಕೇಳೋ ಅಭ್ಯಾಸ ನನಗಿಲ್ಲ. ನೀ ಸಹಿ ಮಾಡಿಯಾಗಿದೆ. ಮಾಡಿದ ಮೇಲೆ ನನಗೆ ಬರೆದಿದ್ದೀ. ಇಲ್ಲ ಅಂತ ಉತ್ತರ ಬರೆಯೋದಾದರೆ ಬರೆಯಲೇಬೇಡ.

ನಿನ್ನ ಅಕ್ಕ,
ವೈಶಾಲಿ

ತಾ.ಕ. ಅವ್ವ ನಿನ್ನ ಪಾಲಿನ ಶೇಂಗಾ ಹೋಳಿಗಿ ಡಬ್ಬಿಗೆ ಹಾಕಿ ಇಟ್ಟಾಳೆ. ಸಿಟ್ಟು ನನ್ನದು, ಹೋಳಿಗಿ ಅವ್ವನದು. ಎರಡನ್ನೂ ಕೂಡಿಸಬೇಡ.


ಹೈದರಾಬಾದ್
14 ಜನವರಿ 2024

ಅಕ್ಕಾ,

ಹೌದು. ಮಾಡಿದ್ದೀನಿ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ.

ನೀ ಸಭೆಯಲ್ಲಿ ಮಾಲಕರ ಮೇಲೆ ಹೇಗೆ ಬೀಳ್ತೀಯೋ ಹಾಗೆ ನನ್ನ ಮೇಲೆ ಬಿದ್ದಿದ್ದೀ. ಬೀಳು. ಆದರೆ ನಿನಗೆ ಗೊತ್ತಿಲ್ಲದ ವಿಷಯವೂ ಇದೆ, ಅದನ್ನ ಓದು.

ಹಳೇ ವಿನ್ಯಾಸ ಅಂದಕೂಡಲೇ ನೀ ಅದು ಮೋಸ ಅಂತ ತಿಳಿಯಬೇಡ. ಈ ವಿಮಾನದ ಮೇಲೆ ನನಗೆ ಪ್ರೀತಿ ಇದೆ. ಇದರ ಒಂದೊಂದು ಬೋಲ್ಟಿಗೂ ಕೈ ಹೋಗ್ತದೆ. ಸಣ್ಣ ಊರಿನ ನಿಲ್ದಾಣದಲ್ಲಿ ಒಬ್ಬ ಮೆಕ್ಯಾನಿಕ್, ಒಂದು ಬ್ಯಾಟರಿ, ಒಂದು ಕನ್ನಡಿ ಇದ್ದರೆ ರೋಗ ಎಲ್ಲಿದೆ ಅಂತ ಹೇಳಬಹುದು. ಹೊಸ ವಿನ್ಯಾಸದ ವಿಮಾನ ಎಣ್ಣೆ ಕಡಿಮೆ ಕುಡೀತದೆ, ಸದ್ದು ಕಡಿಮೆ. ಆದರೆ ಕೆಟ್ಟರೆ ಎಲೆಕ್ಟ್ರಾನಿಕ್ ಡಬ್ಬಿಯನ್ನೇ ಕಿತ್ತು ಹೊಸ ಡಬ್ಬಿ ಕೂರಿಸಬೇಕು, ಆ ಡಬ್ಬಿ ಬರಲು ಮೂರು ವಾರ. ಉದ್ದನೆಯ ಓಡುದಾರಿ ಬೇಕು. ದೊಡ್ಡ ಶಹರಕ್ಕೆ ಅದು ಸರಿ. ಇದನ್ನ ತೆಗೆದರೆ ಸಣ್ಣ ಊರುಗಳ ಹಾರಾಟ ಅರ್ಧಕ್ಕೆ ನಿಲ್ತದೆ. ಬಿಡಿಭಾಗದ ವಿಭಾಗದಲ್ಲಿ ಕಲ್ಮೇಶಣ್ಣ ಅಂತ ಇದ್ದಾರೆ, ಮುಧೋಳದವರು, ಇಪ್ಪತ್ತೆರಡು ವರ್ಷದ ಸರ್ವಿಸು. ಅವರು ಹೇಳ್ತಿರ್ತಾರೆ: "ಇದು ನಮ್ಮ ಎಮ್ಮಿ ಇದ್ದಂಗ ತಂಗಿ, ಹೊಟ್ಟಿ ನೂಸ್ತಂದ್ರ ಒದರ್ತೈತಿ. ಹೊಸಾದು ಇಂಗ್ಲಿಷಿನ್ಯಾಗ ಚೀಟಿ ಬರದು ಕಳಸ್ತೈತಿ."

ಹಾಗಾದರೆ ಒಂಬತ್ತನೇ ಪುಟದಲ್ಲಿ ಏನು ಹೊಡೆದು ಹಾಕಿದೆ ಅಂತ ಕೇಳ್ತೀ. ಹೇಳ್ತೀನಿ.

ವಿಮಾನ ಮೇಲೆ ಏರಿದಾಗ ಒಳಗೆ ಗಾಳಿ ತುಂಬ್ತಾರೆ. ಮೈ ತುಸು ಉಬ್ಬುತ್ತದೆ. ಕೆಳಗೆ ಇಳಿದಾಗ ಮತ್ತೆ ಮೊದಲಿನಂತಾಗ್ತದೆ. ಒಂದು ಹಾರಾಟಕ್ಕೆ ಒಂದು ಉಸಿರು ಅಂತ ಇಟ್ಟುಕೋ. ತಗಡು ದಣಿಯೋದು ವರ್ಷಗಳಿಂದಲ್ಲ, ಈ ಉಸಿರುಗಳಿಂದ. ನವೆಂಬರಿನಲ್ಲಿ ನಾ ಒಂಬತ್ತು ವಿಮಾನ ನೋಡಿದೆ. ಎರಡರಲ್ಲಿ ಬಾಗಿಲ ಚೌಕಟ್ಟಿನ ಮೂಲೆಗೆ, ರಿವೆಟ್ಟಿನ ತೂತಿನಿಂದ ಬಿರುಕು ಹೊರಟಿತ್ತು. ಅರ್ಧ ಅಕ್ಕಿಕಾಳಿನಷ್ಟು ಉದ್ದ. ಕೈಪಿಡಿಯ ಮಿತಿಯ ಒಳಗೇ ಇದೆ, ನಾ ಸುಳ್ಳು ಬರೆದಿಲ್ಲ. ಗುರುತು ಹಾಕಿ, ಮುಂದಿನ ತಪಾಸಣೆಗೆ ಮತ್ತೆ ನೋಡು ಅಂತ ಕೈಪಿಡಿ ಹೇಳ್ತದೆ. ಆ ತಪಾಸಣೆ ಈಗ ಹದಿನೆಂಟು ತಿಂಗಳಿಗೆ ಒಮ್ಮೆ. ಮೂವತ್ತು ವರ್ಷದ ದಾಖಲೆ ಸ್ವಚ್ಛ ಇದೆ, ಆದ್ದರಿಂದ ಇಪ್ಪತ್ನಾಲ್ಕು ತಿಂಗಳಿಗೆ ಒಮ್ಮೆ ಸಾಕು ಅಂತ ವರದಿಯ ನಲವತ್ತೊಂದನೇ ಪುಟದಲ್ಲಿ ಒಂದು ಸಾಲಿದೆ. ಒಂದೇ ಸಾಲು. ಮೊದಲು ಈ ವಿಮಾನ ದಿನಕ್ಕೆ ನಾಲ್ಕು ಸಲ ಹಾರ್ತಿತ್ತು. ಈಗ ಒಂಬತ್ತು ಸಲ.

ಸಹಿ ಮಾಡೋ ದಿನ, ವರದಿ ಬರೆಸಿದ ನಮ್ಮ ಸಾಹೇಬರಿಗೆ ಇದನ್ನ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಚಹಾ ತರಿಸಿದರು. "ಬಿರುಕು ಮಿತಿಯೊಳಗಿದೆ ಅಂತ ನೀನೇ ಬರೆದಿದ್ದೀಯಲ್ಲಮ್ಮ, ಮತ್ತೆ ಭಯ ಯಾಕೆ" ಅಂದರು. ಅದು ಬೆಳೀತದೆ ಅಂತ ನಾ ಸಾಬೀತು ಮಾಡಲಾರೆ. ನಾಲ್ವರು ಮಾಡಿದ್ದಾರೆ ಅಂದರು. ನನಗಿಂತ ತಿಳಿದವರು ಅಂದುಕೊಂಡೆ. ಮಾಡಿದೆ.

ನಿನ್ನ ಪತ್ರ ಬಂದ ಮರುದಿನ ಪುಟದ ಸಂಖ್ಯೆ ತಪ್ಪಾಗಿದೆ ಅಂತ ನೆಪ ಹೇಳಿ ಮೂಲ ಪ್ರತಿ ತರಿಸಿಕೊಂಡೆ. ಕೊನೆಯ ಹಾಳೆಯಲ್ಲಿ ಐದು ಗೆರೆ. ನಾಲ್ಕು ಖಾಲಿ. ಐದನೆಯದರ ಮೇಲೆ ನನ್ನ ಸಹಿ, ಒಬ್ಬಳದೇ. ಕಲ್ಮೇಶಣ್ಣನೂ ಸಮಿತಿಯಲ್ಲಿದ್ದಾರೆ. ಊಟದ ಹೊತ್ತಿಗೆ ಮೆಲ್ಲಗೆ ಕೇಳಿದೆ. "ನಿಮ್ಮದೆಲ್ಲಾ ಆಗೇತಂತಲ್ಲ, ನಂದ ಒಂದ ಉಳದೈತಿ ಅಂದಾರ" ಅಂದರು. ಆಮೇಲೆ ಇಬ್ಬರೂ ಊಟದ ಡಬ್ಬಿ ಮುಚ್ಚಿದೆವು.

ಮೂವತ್ತನೇ ತಾರೀಖು ಬೋರ್ಡಿನ ಸಭೆ. ಅದಕ್ಕಿಂತ ಮೊದಲು ಸಹಿ ಹಿಂದಕ್ಕೆ ತೆಗೆದರೆ ನೌಕರಿ ಹೋಗಬಹುದು. ತೆಗೆಯದೇ ಇದ್ದರೆ, ಆ ಬಾಗಿಲಿನಿಂದ ಜನ ಹತ್ತೋದನ್ನ ದಿನಾ ನೋಡಬೇಕು. ನಾ ನಿನ್ನಂಥವಳಲ್ಲ. ಅವ್ವನ ಕಣ್ಣಿಗೆ ಲಾಳಿ ಬಡಿದಾಗ ನೀ ಗೇಟಿನ ಮುಂದೆ ಕಲ್ಲಿನ ಮೇಲೆ ನಿಂತು ಮಾತಾಡಿದ್ದು ನನಗೆ ನೆನಪಿದೆ. ನಾ ಒಂಬತ್ತು ವರ್ಷದವಳು, ಪಾಂಡಪ್ಪ ಮಿಸ್ತ್ರಿ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡಿದ್ದ. ಮಾಲಕ ಕದ್ದು ಮಗ್ಗದ ವೇಗ ಹೆಚ್ಚಿಸಿದ ಅಂತ ನೀ ಕೂಗಿದಾಗ ಜನರ ಕಣ್ಣಲ್ಲಿ ನೀರು ಬಂತು. ಯಂತ್ರ ಪರೀಕ್ಷೆ ಮಾಡೋ ಕೆಲಸವನ್ನೇ ಕಲೀಬೇಕು ಅಂತ ನಾ ಅವತ್ತೇ ಠರಾವು ಮಾಡಿದ್ದು. ಈಗ ನೋಡು, ಕಲಿತು ಏನು ಮಾಡಿದೆ.

ಏನು ಮಾಡಲಿ ಹೇಳು.

ಸ್ನೇಹಾ

ತಾ.ಕ. ನಾ ಸಹಿ ಮಾಡಿದ್ದೀನಿ ಅಂತ ನಿನಗೆ ಹೇಗೆ ಗೊತ್ತಾಯಿತು? ಪತ್ರವನ್ನ ಹತ್ತು ಸಲ ಹೊಳ್ಳಿ ನೆನಪಿಸಿಕೊಂಡೆ. ಎಲ್ಲೂ ಬಿಟ್ಟುಕೊಟ್ಟಿರಲಿಲ್ಲ.


ಬನಹಟ್ಟಿ
20 ಜನವರಿ 2024

ಸ್ನೇಹಾ,

ಹೇಗೆ ಗೊತ್ತಾಯಿತು ಅಂದರೆ, ಸಹಿ ಮಾಡದವರು ಮಾಡಲೋ ಬೇಡವೋ ಅಂತ ಎರಡು ಸಾಲಿನಲ್ಲಿ ಕೇಳ್ತಾರೆ. ಮಾಡಿದವರಿಗೆ ಹದಿನಾಲ್ಕು ಪುಟ ಬೇಕು. ಅಂಥ ಹದಿನಾಲ್ಕು ಪುಟ ನನ್ನ ಹೊಟ್ಟೆಯಲ್ಲೂ ಇತ್ತು. ಬರೆಯೋದಕ್ಕೆ ಯಾರೂ ಇರಲಿಲ್ಲ.

ಈ ಪತ್ರ ಎರಡು ಸಲ ಹರಿದು ಮೂರನೇ ಸಲ ಬರೀತಿದ್ದೀನಿ. ಹೊರಗೆ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗೋ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ನಿಂತಿವೆ. ಅವ್ವ ಲಾಳಿಯೊಳಗೆ ಹಾಕೋ ನೂಲಿನ ಕಂಡಿಕಿ ಸುತ್ತಾಕತ್ತಾಳೆ. ನಾ ಏನು ಬರೀತಿದ್ದೀನಿ ಅಂತ ಒಂದು ಸಲ ಕೇಳಿದಳು. ಸಂಘದ ಅರ್ಜಿ ಅಂದೆ.

ಗೂಳಪ್ಪ ಮಾಲಕ ಮಗ್ಗದ ವೇಗವನ್ನ ಕದ್ದು ಹೆಚ್ಚಿಸಲಿಲ್ಲ, ಸ್ನೇಹಾ. ನನ್ನನ್ನ ಕೇಳಿ ಹೆಚ್ಚಿಸಿದ.

ನನಗೆ ಆಗ ಇಪ್ಪತ್ಮೂರು. ಸಂಘಕ್ಕೆ ಸೇರಿ ಎರಡು ವರ್ಷ. ಮಾಲಕರು, ನೇಕಾರರು ಕೂಡಿದ ಜಂಟಿ ಕಮಿಟಿಯಲ್ಲಿ ನಾ ಸಂಘದ ಪ್ರತಿನಿಧಿ. ನನ್ನನ್ನೇ ಯಾಕೆ ಕೂರಿಸಿದರು ಅಂತ ಆಗ ಕೇಳಿಕೊಳ್ಳಲಿಲ್ಲ, ನನ್ನ ಬುದ್ಧಿಗೆ ಅಂತಲೇ ತಿಳಿದೆ. ಆ ಮಗ್ಗಗಳು ಅವನ ಅಪ್ಪನ ಕಾಲದವು. ಎರಕದ ಚೌಕಟ್ಟು, ನಿಮಿಷಕ್ಕೆ ನೂರಾ ಇಪ್ಪತ್ತು ಸಲ ಲಾಳಿ ಆ ಕಡೆ ಈ ಕಡೆ ಹೋಗೋದಕ್ಕೆ ಮಾಡಿದ್ದು. ಸೂರತ್ತಿನ ಮಾಲು ಬಂದು ಮಾರ್ಕೆಟ್ಟು ಬಿತ್ತು, ಹೊಸ ಮಗ್ಗ ತರುವ ತ್ರಾಣ ಇಲ್ಲ, ಮೋಟರಿಗೆ ದೊಡ್ಡ ಪುಲ್ಲಿ ಹಾಕಿ ನೂರಾ ಅರವತ್ತಕ್ಕೆ ಓಡಿಸೋಣ ಅಂದ. ಇಲ್ಲದಿದ್ದರೆ ಅರ್ಧ ಮಗ್ಗ ನಿಲ್ತಾವೆ ಅಂದ. ಅದು ಬೆದರಿಕೆಯೂ ಹೌದು, ಖರೆಯೂ ಹೌದು.

ಮೂರು ದಿನ ಪರೀಕ್ಷೆ ಆಯಿತು. ಒಂದು ಮಗ್ಗ, ಹೊಸ ಪಟ್ಟಾ. ಲಾಳಿಗೆ ಹೊಡೆತ ಕೊಡೋ ಚರ್ಮದ ತುಂಡು ಸುದ್ದಾ ಹೊಸದು. ಪಾಂಡಪ್ಪ ಮಿಸ್ತ್ರಿ ಪಕ್ಕಕ್ಕೇ ಎಣ್ಣೆ ಡಬ್ಬಿ ಹಿಡಿದು ಕೂತ. ನೇಯೋದಕ್ಕೆ ಎಲ್ಲರಿಗಿಂತ ಚಲೋ ಕೈ ಯಾರದು, ಅವ್ವನದು. ಅವ್ವನೇ ನೇಯ್ದಳು. ಮಗ್ಗ ಹೂವಿನ ಹಾಗೆ ನಡೆಯಿತು. ನಾ ಪಕ್ಕದಲ್ಲಿ ನಿಂತು ನೋಡಿದೆ. ಮೂವತ್ತು ವರ್ಷದಲ್ಲಿ ಈ ಮಗ್ಗದಿಂದ ಒಂದು ಲಾಳಿ ಹೊರಗೆ ಹಾರಿಲ್ಲ ಅಂತ ಮಾಲಕ ಹೇಳಿದ. ಅದು ಸುಳ್ಳಲ್ಲ. ನಾ ಸಹಿ ಮಾಡಿದೆ. ಪರೀಕ್ಷೆ ಆದದ್ದು ಎಲ್ಲರಿಗೂ ಗೊತ್ತಿತ್ತು, ಸಂಘದ ಹೆಸರಿನಲ್ಲಿ ಸಹಿ ಬಿದ್ದದ್ದು ಮಾಲಕನಿಗೆ, ನನಗೆ ಅಷ್ಟೇ.

ಆ ಮೂವತ್ತು ವರ್ಷದ ಹೆಸರು ನೂರಾ ಇಪ್ಪತ್ತರದು. ನೂರಾ ಅರವತ್ತಕ್ಕೆ ಆ ಮಗ್ಗ ಮೂರೇ ದಿನದ ಹೆಸರು ಗಳಿಸಿತ್ತು. ಇದು ನನಗೆ ಹೊಳೆಯಲಿಲ್ಲ.

ನಾಲ್ಕು ತಿಂಗಳಲ್ಲಿ ಏನೇನಾಯಿತು ಕೇಳು. ಒಬ್ಬರಿಗೆ ನಾಲ್ಕು ಮಗ್ಗ ಇದ್ದದ್ದು ಆರಾಯಿತು. ಚರ್ಮದ ತುಂಡು ಸವೆದರೂ ಬದಲಿಸೋದಕ್ಕೆ ಮಗ್ಗ ನಿಲ್ಲಿಸಲಿಲ್ಲ. ಲಾಳಿ ಹೊರಗೆ ಹಾರದ ಹಾಗೆ ಮುಂದೆ ಒಂದು ತಡೆಸರಳು ಇರ್ತದಲ್ಲ, ಎಳೆ ಹರಿದಾಗ ಕಟ್ಟಲು ಅದು ಅಡ್ಡ ಬರ್ತದೆ ಅಂತ ಬಿಚ್ಚಿ ಇಟ್ಟರು. ಬಿಚ್ಚಿದವರು ಮಾಲಕರಲ್ಲ. ನಾವೇ. ಆರು ಮಗ್ಗ ನೋಡೋ ಅವಸರದಲ್ಲಿ ಒಬ್ಬರನ್ನ ನೋಡಿ ಒಬ್ಬರು. ಅವ್ವನೂ ಬಿಚ್ಚಿದ್ದಳು. ನಾ ದಿನಾ ಅದನ್ನ ನೋಡ್ತಿದ್ದೆ.

ಲಾಳಿ ಹಾರಿತು. ಮುಂದಿನದು ನಿನಗೆ ಗೊತ್ತು.

ನಿನಗೆ ಗೊತ್ತಿಲ್ಲದ್ದು ಇಷ್ಟು. ನಾಲ್ಕನೇ ದಿನ ಜಮಖಂಡಿ ದವಾಖಾನೆಯ ಪಡಸಾಲೆಗೆ ಗೂಳಪ್ಪ ಬಂದ. ಅಂಗಿಯ ಕಿಸೆಯಿಂದ ಆ ಕಾಗದ ತೆಗೆದ. "ಕೇಸ್ ಹಾಕ್ತೀಯೇನವಾ, ಹಾಕು. ಜಡ್ಜ್ ಸಾಹೇಬ್ರ ಮುಂದ ಇದನ್ನೂ ಓದಸ್ತೀನಿ" ಅಂದ. ನನ್ನ ಸಹಿ ನೋಡಿದೆ. ಹೊಸದಾಗಿ ಕಲಿತವರ ಹಾಗೆ ಉದ್ದಕ್ಕೆ ಗೆರೆ ಎಳೆದು ಕೆಳಗೆ ಎರಡು ಚುಕ್ಕೆ ಇಟ್ಟಿದ್ದೆ. ಅಲ್ಲೇ ರಾಜಿ ಆಯಿತು. ದವಾಖಾನೆಯ ಖರ್ಚು ಅವನದು, ಅವ್ವಗೆ ಕಂಡಿಕಿ ಸುತ್ತೋ ಕೆಲಸ, ಪುಲ್ಲಿ ಮತ್ತೆ ಸಣ್ಣದು, ತಡೆಸರಳು ಕಡ್ಡಾಯ. ಕಾಗದ ನನ್ನ ಕೈಗೆ. ಆ ಸಂಜೆ ಒಲೆಗೆ ಹಾಕಿದೆ. ಮರುದಿನ ಗೇಟಿನ ಮುಂದೆ ಕಲ್ಲಿನ ಮೇಲೆ ನಿಂತು ಮಾಲಕ ಕದ್ದು ವೇಗ ಹೆಚ್ಚಿಸಿದ ಅಂತ ಕೂಗಿದೆ, ಹೋರಾಟಕ್ಕೆ ಜಯ ಅಂತ ಕೂಗಿಸಿದೆ. ಗೂಳಪ್ಪ ತನ್ನ ಬಾಗಿಲಲ್ಲಿ ನಿಂತು ಕೇಳಿದ. ಬಾಯಿ ಬಿಡಲಿಲ್ಲ. ಕೇಸ್ ಇಲ್ಲ ಅಂದಮೇಲೆ ಬೈಗುಳ ಅವನಿಗೇನು ಭಾರ? ಅವತ್ತಿನಿಂದ ನಾ ನಾಯಕಿ. ಹದಿನೆಂಟು ವರ್ಷ ಆ ಕಲ್ಲಿನಿಂದ ಇಳಿದಿಲ್ಲ.

ಆಮೇಲೆ ಮಾಡಿದ ಹೋರಾಟಗಳೆಲ್ಲ ಸುಳ್ಳು ಅಂತ ನಾ ಹೇಳೋದಿಲ್ಲ. ಕೂಲಿ ಬಿಲ್ಲಿನ ಹೋರಾಟ ಖರೆ, ಕರೆಂಟಿನ ಹೋರಾಟ ಖರೆ, ಜೈಲಿಗೆ ಹೋದದ್ದು ಖರೆ. ಆದರೆ ಎಲ್ಲದಕ್ಕೂ ಮೊದಲು ಒಂದು ಸುಳ್ಳಿತ್ತು, ಅದು ನನ್ನದು.

ಈಗ ನಿನ್ನ ಮಾತು. ನಿಮ್ಮ ಸಾಹೇಬ ಸುಳ್ಳು ಹೇಳ್ತಿಲ್ಲ, ಆದರೆ ಅವನ ಖರೆ ಬೇರೆ ದಿನದ್ದು. ವಿಮಾನದ ನಕ್ಷೆ ಹಳೆಯದು ಅನ್ನೋದು ತಪ್ಪಲ್ಲ, ಅದನ್ನ ನೀ ನನಗೆ ತಿಳಿಸಿ ಹೇಳಿದೆ, ಒಪ್ಪಿದೆ. ನಾಲ್ಕು ಹಾರಾಟದಲ್ಲಿ ಅದು ಗಳಿಸಿದ ಹೆಸರನ್ನ ಒಂಬತ್ತು ಹಾರಾಟದ ದಿನಕ್ಕೆ ಎತ್ತಿ ಹಚ್ಚಿದರಲ್ಲ, ಮೇಲಿಂದ ನೋಡೋ ದಿನಗಳನ್ನೂ ದೂರ ಮಾಡಿದರಲ್ಲ, ಅದು ತಪ್ಪು. ಅದು ಯಾವ ದೇಶದ ಮಾರುಕಟ್ಟೆಗೆ ಸೂಕ್ತ ಇದ್ದರೂ ತಪ್ಪು.

ಸಹಿ ಹಿಂದಕ್ಕೆ ತೆಗೆಯಬೇಡ. ತೆಗೆದರೆ ಹುಡುಗಿ ಹೆದರಿದಳು ಅಂತ ಹೊಸ ಹಾಳೆ ಹಚ್ಚಿ ಬೇರೆಯವರ ಸಹಿ ತೊಗೋತಾರೆ. ಸಹಿ ಇರಲಿ. ಅದರ ಕೆಳಗೆ ನಿನ್ನ ಕೈಯಿಂದ ಬರೆ. ತಾರೀಖು ಹಾಕು. ಏನು ನೋಡಿದೆ, ಏನು ನೋಡಿಲ್ಲ, ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ. ಅದರ ಫೋಟೋ ತೆಗೆ, ವಿಮಾನಗಳ ಮೇಲೆ ಕಣ್ಣಿಡೋ ಸರ್ಕಾರಿ ಕಚೇರಿಗೆ ರಜಿಸ್ಟರ್ ಅಂಚೆ ಹಾಕು, ಮುಟ್ಟಿದ ಚೀಟಿ ಇಟ್ಟುಕೋ. ಕಲ್ಮೇಶಣ್ಣನಿಗೆ ಮೊದಲೇ ತೋರಿಸಬೇಡ. ಒಳ್ಳೆಯ ಮನುಷ್ಯನೇ ಇರಬಹುದು, ಆದರೆ ನೌಕರಿ ಅವನಿಗೂ ಇದೆ.

ಒಂದು ಬೇಡಿಕೆ. ಅವ್ವಗೆ ಹೇಳಬೇಡ. ಗೂಳಪ್ಪ ಸತ್ತು ಆರು ವರ್ಷ. ಕಾಗದ ಬೂದಿ. ಇದು ಗೊತ್ತಿರೋದು ಈಗ ನಮ್ಮಿಬ್ಬರಿಗೆ. ಅವ್ವ ನನ್ನ ಮೇಲೆ ಅಭಿಮಾನ ಇಟ್ಟು ಬದುಕಿದಾಕಿ. ಈ ವಯಸ್ಸಿನಲ್ಲಿ ಅದನ್ನ ಕಿತ್ತುಕೊಂಡು ಯಾರಿಗೇನು ಸಿಗ್ತದೆ?

ವೈಶಾಲಿ

ತಾ.ಕ. ನಿನ್ನ ಪತ್ರವನ್ನ ಅವ್ವನ ಮುಂದೆ ಓದಿದೆ. ಎಮ್ಮೆಯ ಮಾತು, ಡಬ್ಬಿಯ ಮಾತು ಓದಿದೆ, ನಕ್ಕಳು. ಉಳಿದದ್ದನ್ನ ಬಿಟ್ಟೆ.


ಹೈದರಾಬಾದ್
2 ಫೆಬ್ರವರಿ 2024

ಅವ್ವಾ,

ಈ ಸಲ ಪಾಕೀಟಿನ ಮ್ಯಾಲ ನಿನ್ನ ಹೆಸರು ಬರದೀನಿ. ಅನಸವ್ವ ಅಂತ. ಅಂಚಿಯಾವ ನಿನ್ನ ಕೈಯಾಗ ಕೊಟ್ಟಿರಬೇಕು, ನೀ ಅಕ್ಕನ ಕೈಯಾಗ ಕೊಟ್ಟಿರಬೇಕು, ಅಕ್ಕ ಈಗ ಓದಿ ಹೇಳಾಕತ್ತಿರಬೇಕು. ಓದಾಕ ಬರದಿದ್ರೂ ಹಿಂಗ ಓದಿಸ್ಕೊಂಡ ನೀ ನಮ್ಮನ್ನ ಬೆಳಿಸಿದಾಕಿ.

ನಾ ಆರಾಮ ಅದೀನಿ. ಕೆಲಸ ಹೋಗಿಲ್ಲ. ಕೆಲಸದ ಜಾಗಾ ಬದಲಾಗೇತಿ. ಮದಲ ವಿಮಾನದ ಮೈ ನೋಡ್ತಿದ್ದೆ, ಈಗ ಹತಾರದ ಖೋಲಿಯೊಳಗ ಕುಂತು ಪಾನಾ, ಬ್ಯಾಟರಿ ಕೊಡೂದು, ತೊಗೊಳ್ಳೂದು ಮಾಡ್ತೀನಿ. ಯಾಕಂದ್ರ ಒಂದು ಕಾಗದದ ಮ್ಯಾಲ ನಾ ಸಂಶಯ ಇದ್ರೂ ಸಹಿ ಮಾಡಿದ್ದೆ. ಅದರಾಗ ಒಂದು ತಪ್ಪು ಮಾತಿತ್ತು. ಅದು ಯಾಕ ತಪ್ಪು ಅಂತ ತಿಳಿದ ಮ್ಯಾಲ ಸಹಿ ಕೆಳಗ ನನ್ನ ಕೈಯಿಂದ ಹನ್ನೊಂದು ಸಾಲು ಬರದೆ. ಈ ವಿಮಾನ ಹಳೇದು ಅಂತ ನನ್ನ ತಕರಾರಿಲ್ಲ, ದಿನಾ ನಾಕು ಸಲ ಹಾರಿ ಗಳಿಸಿದ ಹೆಸರು ಒಂಬತ್ತು ಸಲಕ್ಕ ನಡಿಯಂಗಿಲ್ಲ, ಹೆಚ್ಚು ಹಾರಿಸ್ತೀರಿ ಅಂದ್ರ ಹೆಚ್ಚು ಸಲ ಬಿಚ್ಚಿ ನೋಡ್ರಿ, ಬಾಗಿಲ ಮೂಲಿಯ ಎರಡು ಬಿರುಕು ನಾನ ಕಂಡೀನಿ ಅಂತ. ಸರ್ಕಾರದ ಕಚೇರಿಗೂ ಕಳಿಸಿದೆ.

ಸಾಹೇಬ್ರು ಈ ಸಲ ಚಹಾ ತರಿಸಲಿಲ್ಲ.

ಬೋರ್ಡಿನವರು ಮೂವತ್ತು ವಿಮಾನ ತೊಗೊಳ್ಳೂದಂತ ಮಾಡ್ಯಾರ. ಅದನ್ನ ನಾ ತಡ್ಯಾಕ ಬರದಿರಲಿಲ್ಲ. ತಪಾಸಣಿ ದೂರ ಹಾಕೂ ಸಾಲು ಮಾತ್ರ ಸದ್ಯಕ್ಕ ತಗದಾರ, ಮುಂದ ನೋಡೂನು ಅಂದಾರ. ಮುಂದ ಹೊಳ್ಳಿ ಹಾಕ್ತಾರ, ನನಗ ಸಂಶಯ ಐತಿ. ಆ ಸಭೆಗಿಂತ ಮದಲ ಕಲ್ಮೇಶಣ್ಣ ಹತಾರದ ಕಿಟಕಿಗೆ ಬಂದು, "ತಂಗಿ, ಒಂದು ಪಾನಾ ಕೊಡು, ಹಂಗ ಆ ಹನ್ನೊಂದು ಸಾಲೂ ಕೊಡು" ಅಂದ್ರು. ಪಾನಾ ಬಿಟ್ಟು ಹೋದ್ರು, ಸಾಲು ಬರಕೊಂಡು ಹೋದ್ರು. ಅವ್ರೂ ಸಹಿ ಕೆಳಗ ಬರದಾರ.

ಆ ಬಿರುಕು ಬೆಳೀತಾವೋ ಇಲ್ಲೋ ನನಗ ಗೊತ್ತಿಲ್ಲವ್ವಾ. ಬೆಳೀಲಿಲ್ಲಂದ್ರ ಹತ್ತು ವರ್ಷದ ಮ್ಯಾಲ ಎಲ್ಲಾರೂ ನನ್ನ ನೋಡಿ ನಗ್ತಾರ. ನಗಲಿ, ನಾನೂ ನಗ್ತೀನಿ.

ಹಿಂಗ ಬರೀಬೇಕು ಅಂತ ಹೇಳಿಕೊಟ್ಟಾಕಿ ಅಕ್ಕ. ಅಕ್ಕ ಇಲ್ಲಂದ್ರ ನಾ ಸುಮ್ಮ ಇರ್ತಿದ್ದೆ. ಇದನ್ನ ಅಕ್ಕ ನಾಚಿ ಬಿಟ್ಟು ಓದಬಾರದು.

ಇನ್ನ ಅಕ್ಕ ನಿನಗೊಂದು ಮಾತು ಹೇಳೂದೈತಿ. ಹದಿನೆಂಟು ವರ್ಷದ ಹಳೇ ಮಾತು, ನಿನ್ನ ಕಣ್ಣಿಂದು. ನನಗ ಮೂರು ಪುಟದಾಗ ಬರದಾಳ. ನಿನಗ ಹೇಳಬ್ಯಾಡ ಅಂದಾಳ, ನಾ ಹೇಳಂಗಿಲ್ಲ. ಅದು ಅಕಿ ಬಾಯಿಂದನ ಬರಬೇಕು. ಕಣ್ಣು ಹೋದದ್ದು ನಿನ್ನದು. ಅಭಿಮಾನ ಇಟ್ಕೊಳ್ಳೂದೋ ಬಿಡೂದೋ ನಿನಗ ಬಿಟ್ಟದ್ದು, ನಾವಿಬ್ರು ಕೂಡಿ ಠರಾವು ಮಾಡೂದಲ್ಲ. ಕಂಡಿಕಿ ರಾಟಿ ಬಂದ್ ಮಾಡು. ಕಾಗದ ಅಕಿ ಕೈಯಿಂದ ತೊಗೊಂಡು ಅಕಿ ಮಾರಿ ನೋಡ್ಕೋತ ಕುಂದ್ರು.

ನಿನ್ನ ಸಣ್ಣ ಮಗಳು,
ಸ್ನೇಹಾ

ತಾ.ಕ. ಅಕ್ಕಾ, ಇದು ನಿನಗ. ನಿನ್ನ ಮ್ಯಾಲ ಸಿಟ್ಟು ಐತಿ, ಎಷ್ಟು ಅಂತ ಇನ್ನೂ ಗೊತ್ತಾಗಿಲ್ಲ, ಊರಿಗೆ ಬಂದಾಗ ನೋಡೂನು. ಇದನ್ನೂ ನೀ ಅಲ್ಲಲ್ಲಿ ಬಿಟ್ಟು ಓದಬಹುದು ಅಂತ ನನಗ ಸಂಶಯ. ಅದಕ್ಕ ಇದರದ ಇನ್ನೊಂದು ಪ್ರತಿ ಪಾಂಡಪ್ಪ ಮಿಸ್ತ್ರಿ ಹೆಸರಿಗೆ ಹಾಕೀನಿ, ಪಾಕೀಟು ಒಡೀಬ್ಯಾಡ್ರಿ ಅಂತ ಮ್ಯಾಲ ಬರದೀನಿ. ಹನ್ನೊಂದನೇ ತಾರೀಖು ರವಿವಾರ ಮುಂಜಾನಿ ಅವ್ವಗ ಫೋನ್ ಮಾಡ್ತೀನಿ. ಅವ್ವ ಎಮ್ಮಿ ಮಾತು, ಹೋಳಿಗಿ ಮಾತು ಅಷ್ಟ ಆಡಿದ್ಲಂದ್ರ, ಅದನ್ನ ಒಡದು ಅಕಿ ಮುಂದ ಓದ್ರಿ ಅಂತ ಮಿಸ್ತ್ರಿಗೆ ಹೇಳ್ತೀನಿ.